ಹಿತ್ತಲ ಈಜುಕೊಳ: ಭಾನುವಾರದೊಳಗೆ ಅಳತೆ ಹಾಕಿ

ಎಲ್ಲರಿಗೂ ನಮಸ್ಕಾರ. ಮಡಗಾಂವ್ ಸುತ್ತಮುತ್ತ ಈ ಸಲ ಮಳೆ ಮುಗಿದ ಮೇಲೆ ಹಿತ್ತಲಲ್ಲಿ ಈಜುಕೊಳ ಕಟ್ಟಿಸುವವರಿಗೆ ಈ ಸೂಚನೆ.

ಕೊಟೇಶನ್‌ಗಿಂತ ಮೊದಲು ಎರಡು ಮೀಟರ್ ಗುಂಡಿ ತೋಡಿಸಿ, ಮೇಲೆ ಹಲಗೆ ಮುಚ್ಚಿ (ಮಕ್ಕಳಿರುವ ಮನೆಗಳು, ದಯವಿಟ್ಟು), ಒಂದು ರಾತ್ರಿ ಬಿಟ್ಟು ನೋಡಿ. ಮಳೆಗಾಲದ ಕೊನೆಯಲ್ಲೇ ನೋಡಬೇಕು, ಅಂತರ್ಜಲ ಆಗ ಮೇಲಿರುತ್ತದೆ. ಗುಂಡಿಯಲ್ಲಿ ನೀರು ನಿಂತಿದ್ದರೆ ಕೊಳದ ತಳಕ್ಕೆ ಹೈಡ್ರೋಸ್ಟ್ಯಾಟಿಕ್ ವಾಲ್ವ್ (ಅಡಿಯ ನೀರಿನ ಒತ್ತಡ ಹೆಚ್ಚಾದಾಗ ಆ ನೀರನ್ನು ಕೊಳದೊಳಗೆ ಬಿಡುವ ಕವಾಟ) ಬೇಕೇ ಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಕೊಳ ಖಾಲಿ ಮಾಡಿದಾಗ ಅಡಿಯ ನೀರು ಇಡೀ ತೊಟ್ಟಿಯನ್ನೇ ಮೇಲಕ್ಕೆತ್ತಿ ಬಿರುಕು ಬಿಡಿಸಬಹುದು. ಅದಕ್ಕೆ ರಿಪೇರಿ ಸುಲಭವಿಲ್ಲ.

8×4 ಮೀಟರ್, ಸರಾಸರಿ 1.35 ಮೀಟರ್ ಆಳವೆಂದರೆ ಸುಮಾರು 43,000 ಲೀಟರ್, ಅಂದರೆ 10,000 ಲೀಟರಿನ ಐದು ಟ್ಯಾಂಕರ್. ಆರು ತಾಸಿಗೆ ಅಷ್ಟೂ ನೀರು ಸೋಸಬೇಕಾದರೆ ಪಂಪು, ಫಿಲ್ಟರ್ ಎರಡೂ ತಾಸಿಗೆ 7,200 ಲೀಟರಿನವು ಇರಲಿ.

ಅಗೆತ, ಕಾಂಕ್ರೀಟ್, ವಾಟರ್‌ಪ್ರೂಫಿಂಗ್, ಟೈಲ್ಸ್, ಪಂಪು-ಪೈಪು, ವೈರಿಂಗ್ ಎಲ್ಲವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಚಿರೆಕಲ್ಲು ಸಿಕ್ಕರೆ ಅಗೆತದ ದರ ಏರುತ್ತದೆ, ಘನ ಮೀಟರಿಗೆ ಎಷ್ಟೆಂದು ಮೊದಲೇ ಮಾತಾಡಿ, ಶೇ. 15 ಹೆಚ್ಚುವರಿ ಹಣ ಕೈಯಲ್ಲಿರಲಿ. ಟೈಲ್ಸ್‌ಗೆ ಮೊದಲು ಏಳು ದಿನ ನೀರು ನಿಲ್ಲಿಸಿ, ಮಟ್ಟಕ್ಕೆ ಗೆರೆ ಎಳೆದು ಸೋರಿಕೆ ನೋಡಿ.

ಭಾನುವಾರ ಸಂಜೆಯೊಳಗೆ ಅಳತೆ, ಗುಂಡಿಯ ಫೋಟೊ ಇಲ್ಲಿ ಹಾಕಿ. ನಾಲ್ಕೈದು ಮನೆ ಸೇರಿದರೆ ಜೆಸಿಬಿ ತರಿಸುವ ಖರ್ಚು ಹಂಚಿಕೊಳ್ಳಬಹುದು.