ಬೆವನ್ ಕಟ್ಟಿದ ಎನ್‌ಎಚ್‌ಎಸ್ ವಿಮಾ ಯೋಜನೆಯಲ್ಲ

ಮಾನ್ಯ ಸಂಪಾದಕರೇ,

ಆರೋಗ್ಯ ವಿಮೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಬ್ರಿಟನ್ನಿನ ಎನ್‌ಎಚ್‌ಎಸ್ (ರಾಷ್ಟ್ರೀಯ ಆರೋಗ್ಯ ಸೇವೆ) ಹೆಸರೆತ್ತುತ್ತಾರೆ, ಅದೂ ಒಂದು ದೊಡ್ಡ ಸರ್ಕಾರಿ ವಿಮೆ ಎಂಬಂತೆ. ಇದು ತಪ್ಪು. ಅದನ್ನು ಕಟ್ಟಿದ ವೇಲ್ಸ್‌ನ ಅನೈರಿನ್ ಬೆವನ್ ವಿಮೆಯ ದಾರಿಯನ್ನು ತಿಳಿದೇ ಬಿಟ್ಟವರು.

ಬೆವನ್ 1897ರಲ್ಲಿ ಟ್ರೆಡೀಗರ್‌ನಲ್ಲಿ ಹುಟ್ಟಿದ ಗಣಿ ಕಾರ್ಮಿಕನ ಮಗ. ಎಳೆಯ ವಯಸ್ಸಿಗೇ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಇಳಿದರು. 1929ರಿಂದ ಸಾಯುವ ತನಕ, ಅಂದರೆ 1960ರವರೆಗೆ, ಎಬು ವೇಲ್‌ನ ಲೇಬರ್ ಸಂಸದ. ಅವರ ಊರಿನ ವೈದ್ಯಕೀಯ ನೆರವು ಸಂಘ ಕೂಲಿಯ ಪ್ರತಿ ಪೌಂಡಿಗೆ 3 ಪೆನ್ನಿ ಹಿಡಿದುಕೊಂಡು ಕಾರ್ಮಿಕನಿಗೂ ಅವನ ಮನೆಮಂದಿಗೂ ಚಿಕಿತ್ಸೆ ಕೊಡಿಸುತ್ತಿತ್ತು. ಆಗ ಪೌಂಡಿಗೆ 240 ಪೆನ್ನಿ, ಎಂದರೆ ಎಂಬತ್ತರಲ್ಲಿ ಒಂದು ಪಾಲು. ಒಳ್ಳೆಯ ಏರ್ಪಾಡೇ, ಆದರೆ ಗಣಿ ಮುಚ್ಚಿದರೆ ಕೂಲಿಯ ಜೊತೆ ವಂತಿಗೆಯೂ ನಿಲ್ಲುತ್ತದೆ. ಆಗಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ತಂದ 1911ರ ರಾಷ್ಟ್ರೀಯ ವಿಮೆಯದು ಇನ್ನೊಂದು ಕೊರತೆ: ದುಡಿಯುವವನಿಗೆ ವೈದ್ಯರು ಸಿಕ್ಕರು, ಹೆಂಡತಿ ಮಕ್ಕಳು ಹೊರಗುಳಿದರು.

1945ರಲ್ಲಿ ಆರೋಗ್ಯ ಸಚಿವರಾದ ಬೆವನ್ ಖರ್ಚಿನ ಬಹುಭಾಗವನ್ನು ಸಾಮಾನ್ಯ ತೆರಿಗೆಯ ಮೇಲೆ ಹಾಕಿದರು. ವಿಮಾ ನಿಧಿಯಿಂದ ಒಂದು ಸಣ್ಣ ಪಾಲು ಬರುತ್ತಿತ್ತು, ನಿಜ. ಆದರೆ ಕಂತು ಕಟ್ಟಿದ್ದೀರಾ ಎಂದು ರೋಗಿಯನ್ನು ಯಾರೂ ಕೇಳುವಂತಿರಲಿಲ್ಲ. ಎರಡನೆಯ ತೀರ್ಮಾನ ಇನ್ನೂ ಗಟ್ಟಿಯದು: ದಾನದಿಂದ ನಡೆಯುತ್ತಿದ್ದ ಆಸ್ಪತ್ರೆಗಳನ್ನೂ ಪುರಸಭೆಗಳ ಆಸ್ಪತ್ರೆಗಳನ್ನೂ ಒಟ್ಟಾಗಿ ಸರ್ಕಾರದ ಒಡೆತನಕ್ಕೆ ತಂದು, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 14 ಪ್ರಾದೇಶಿಕ ಮಂಡಳಿಗಳನ್ನು ರಚಿಸಿದರು. ಆಸ್ಪತ್ರೆಗಳು ಸ್ಥಳೀಯ ಸಂಸ್ಥೆಗಳ ಕೈಯಲ್ಲೇ ಇರಲಿ ಎಂದು ಹಿರಿಯ ಸಚಿವ ಹರ್ಬರ್ಟ್ ಮಾರಿಸನ್ ಸಂಪುಟದಲ್ಲಿ ವಾದಿಸಿದರು. ಹಾಗಾಗಿದ್ದರೆ ಬಡ ಊರಿಗೆ ಬಡ ಆಸ್ಪತ್ರೆಯೇ ಗತಿಯಾಗುತ್ತಿತ್ತು.

ವೈದ್ಯರನ್ನು ಒಪ್ಪಿಸಿದ ಬಗೆಯನ್ನು ವಿವರವಾಗಿಯೇ ಹೇಳಬೇಕು. 1948ರ ಫೆಬ್ರುವರಿಯಲ್ಲಿ ವೈದ್ಯರ ಸಂಘ ನಡೆಸಿದ ಮತದಾನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ವಿರೋಧಿಸಿದ್ದರು. ಬೆವನ್ ಮೊದಲು ಆಸ್ಪತ್ರೆಯ ತಜ್ಞರನ್ನು ಒಲಿಸಿಕೊಂಡರು: ಸಂಬಳದ ಜೊತೆಗೆ ಖಾಸಗಿ ಚಿಕಿತ್ಸೆಗೂ ಅವಕಾಶ, ಆಸ್ಪತ್ರೆಯಲ್ಲೇ ಹಣ ಕೊಡುವ ರೋಗಿಗಳಿಗೆ ಕೆಲವು ಹಾಸಿಗೆ. ಕುಟುಂಬ ವೈದ್ಯರಿಗೆ ತಮ್ಮಲ್ಲಿ ಹೆಸರು ನೋಂದಾಯಿಸಿದ ಜನರ ಪಟ್ಟಿಯಂತೆ ತಲೆಗಿಷ್ಟು ಎಂದು ಹಣ. ಹೊಸ ಕಾನೂನಿಲ್ಲದೆ ಅವರನ್ನು ಪೂರ್ಣ ಸಂಬಳದ ನೌಕರರನ್ನಾಗಿ ಮಾಡುವುದಿಲ್ಲವೆಂಬ ಭರವಸೆ. ಅಂಗಡಿಯ ಹಾಗೆ ಪ್ರಾಕ್ಟೀಸನ್ನು ಕೊಂಡು ಮಾರುವ ಪದ್ಧತಿಗೆ ಮಾತ್ರ ತಡೆ ಹಾಕಿದರು, ಪರಿಹಾರಕ್ಕೆ 6.6 ಕೋಟಿ ಪೌಂಡ್ ಇಟ್ಟರು. ಜುಲೈ 5ಕ್ಕೆ ಸೇವೆ ಶುರುವಾಯಿತು. ಈ ರಾಜಿಗಳಿಲ್ಲದಿದ್ದರೆ ಆ ದಿನ ಬಾಗಿಲು ತೆರೆಯುವುದೇ ಕಷ್ಟವಿತ್ತು. ಆದರೂ ತಜ್ಞರಿಗೆ ಬಿಟ್ಟುಕೊಟ್ಟ ಆ ಹಾಸಿಗೆಗಳು ಹಣವಂತರಿಗೆ ಸರದಿ ತಪ್ಪಿಸುವ ದಾರಿಯಾದವು ಎಂಬುದನ್ನು ಮುಚ್ಚಿಡಬಾರದು. ಆಸ್ಪತ್ರೆ, ಕುಟುಂಬ ವೈದ್ಯ, ಸ್ಥಳೀಯ ಸಂಸ್ಥೆಯ ದಾದಿ ಮತ್ತು ಆಂಬುಲೆನ್ಸ್, ಈ ಮೂರೂ 1974ರವರೆಗೆ ಬೇರೆ ಬೇರೆ ಆಡಳಿತದಲ್ಲಿ ಉಳಿದದ್ದು ಇನ್ನೊಂದು ತೊಡಕು.

ಖರ್ಚು ಅಂದಾಜನ್ನು ಮೀರಿತು. ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ವರ್ಷಗಟ್ಟಲೆ ಕಾದಿದ್ದವರು ಒಮ್ಮೆಲೇ ಬಂದಿದ್ದರು. 1951ರ ಬಜೆಟ್‌ನಲ್ಲಿ ಹಣಕಾಸು ಸಚಿವ ಗೇಟ್‌ಸ್ಕೆಲ್ ಇವೆರಡರ ಬೆಲೆಯ ಅರ್ಧವನ್ನು ರೋಗಿಯ ಮೇಲೆ ಹೊರಿಸಿದಾಗ, ಆಗ ಕಾರ್ಮಿಕ ಸಚಿವರಾಗಿದ್ದ ಬೆವನ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ವರ್ಷ ಉಳಿಯುತ್ತಿದ್ದದ್ದು ಸುಮಾರು 1.3 ಕೋಟಿ ಪೌಂಡ್. ಅದೇ ಸರ್ಕಾರದ ಮೂರು ವರ್ಷದ ಶಸ್ತ್ರಾಸ್ತ್ರ ಯೋಜನೆಯೋ 470 ಕೋಟಿ ಪೌಂಡಿನದು. ಔಷಧ ಚೀಟಿಗೆ ಶುಲ್ಕ ವಿಧಿಸುವ ಅಧಿಕಾರಕ್ಕೆ 1949ರಲ್ಲಿ ಅವರೇ ಮಣಿದಿದ್ದರೆಂಬುದನ್ನೂ ಹೇಳಬೇಕು. 1952ರಲ್ಲಿ ಕನ್ಸರ್ವೇಟಿವ್ ಸರ್ಕಾರ ಆ ಶುಲ್ಕವನ್ನು ಜಾರಿಗೆ ತಂದಿತು. ವೇಲ್ಸ್ ಅದನ್ನು 2007ರ ಏಪ್ರಿಲ್ 1ರಂದು ಪೂರ್ತಿ ತೆಗೆದುಹಾಕಿತು.

ಎನ್‌ಎಚ್‌ಎಸ್ ಕಾಯ್ದೆ ಅಂಗೀಕಾರವಾದ 1946ರಲ್ಲೇ ಭಾರತದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ನಮ್ಮ ಭೋರ್ ಸಮಿತಿಯ ವರದಿಯೂ ಬಂತು. ಹಣ ಕೊಡಲಾಗದ ಕಾರಣಕ್ಕೆ ಯಾರೂ ಚಿಕಿತ್ಸೆ ಕಳೆದುಕೊಳ್ಳಬಾರದು ಎಂಬುದೇ ಅದರ ಮೂಲ ಮಾತು. ವಿಮಾ ಕಾರ್ಡುಗಳನ್ನು ಎನ್‌ಎಚ್‌ಎಸ್‌ಗೆ ಹೋಲಿಸುವ ಲೇಖಕರು ಆಸ್ಪತ್ರೆ ಯಾರದು, ವೈದ್ಯರಿಗೆ ಹಣ ಬರುವುದು ಹೇಗೆ ಎಂಬೆರಡು ಪ್ರಶ್ನೆಗಳಿಗೂ ದಯವಿಟ್ಟು ಉತ್ತರ ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಧಾರವಾಡ