ತಾಜ್ ಮಹಲಲ್ಲಿ ಯಾರೂ ಪಂದಿಕರಿ ಮಾಡುವುದಿಲ್ಲ

ಸಂಪಾದಕರಿಗೆ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಮನೆಗೆ ಮಾರ್ಬಲ್ ಒಳ್ಳೆಯದೋ ಗ್ರಾನೈಟ್ ಒಳ್ಳೆಯದೋ ಎಂಬ ಬರಹ ಓದಿದೆ. ಅಂದ, ಬೆಲೆ, ಹೊಳಪು ಎಲ್ಲ ಇತ್ತು. ಕೊಡಗಿನ ಅಡುಗೆಮನೆಯಲ್ಲಿ ಕಲ್ಲಿನ ಮೇಲೆ ಏನೇನು ಬೀಳುತ್ತದೆ ಎಂಬುದು ಮಾತ್ರ ಇರಲಿಲ್ಲ. ಅದನ್ನು ನಾನು ದುಡ್ಡು ಕೊಟ್ಟು ಕಲಿತವಳು.

ಮೂರು ವರ್ಷದ ಹಿಂದೆ ನಾಪೋಕ್ಲು ಹತ್ತಿರದ ನಮ್ಮ ತೋಟದ ಮನೆಯಲ್ಲಿ ಅಡುಗೆಮನೆ ಹೊಸದು ಮಾಡಿಸಿದೆವು. ಮಳೆಗಾಲದಲ್ಲಿ ಅಲ್ಲಿ ಹಗಲಲ್ಲೇ ಲೈಟ್ ಹಾಕಬೇಕು. ಬಿಳಿ ಕಲ್ಲು ಹಾಕಿದರೆ ಬೆಳಕಾಗುತ್ತದೆ ಎಂದು ನಾನೇ ಹಟ ಹಿಡಿದೆ. ಅತ್ತೆ ಬೇಡ ಅಂದರು. ಅಂಗಡಿಯವರು, "ತಾಜ್ ಮಹಲ್‌ಗೆ ಹಾಕಿರೋದೇ ಮಕ್ರಾನಾ ಮಾರ್ಬಲ್ ಮೇಡಂ" ಅಂದರು. ನಿಜವೇ. ಆದರೆ ತಾಜ್ ಮಹಲಲ್ಲಿ ಯಾರೂ ನಮ್ಮ ಹಂದಿಮಾಂಸದ ಪಂದಿಕರಿ ಮಾಡುವುದಿಲ್ಲ, ಅಲ್ವಾ?

ಆ ವರ್ಷದ ಕೈಲ್ ಮುಹೂರ್ತ ಹಬ್ಬಕ್ಕೆ ಮನೆ ತುಂಬ ನೆಂಟರು. ಪಂದಿಕರಿಗೆ ಕೊನೆಯಲ್ಲಿ ಹುಳಿಗೆಂದು ಕಪ್ಪನೆಯ ಕಾಚಂಪುಳಿ ಬಿಟ್ಟು, ಚಮಚವನ್ನು ಸುಮ್ನೆ ಕಟ್ಟೆಯ ಮೇಲಿಟ್ಟು, ಕಡುಂಬುಟ್ಟು ಎಂಬ ಅಕ್ಕಿ ಕಡುಬು ಇಳಿಸಲು ಹೋದೆ. ಆಮೇಲೆ ಮರೆತೇ ಹೋಯಿತು. ರಾತ್ರಿ ಒರೆಸಿದಾಗ ಕಪ್ಪು ಹೋಯಿತು. ಬೆಳಿಗ್ಗೆ ಕಿಟಕಿಯ ಬೆಳಕಲ್ಲಿ ನೋಡಿದರೆ ಚಮಚದ ತಲೆಯಷ್ಟಗಲ ಮಂಕಾದ ಗುರುತು. ಬೆರಳಾಡಿಸಿದರೆ ಸುತ್ತ ನುಣುಪು, ಅಲ್ಲಿ ಮಾತ್ರ ತರಿತರಿ. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಅದು ಕಲೆಯೇ ಅಲ್ಲ ಎಂದು ಪಾಲಿಷ್ ಮಾಡುವವರು ಬಂದ ಮೇಲೆ ಗೊತ್ತಾಯಿತು. ಮಾರ್ಬಲ್ ಸುಣ್ಣದ ಕಲ್ಲಿನ ಜಾತಿ. ಹುಳಿ ತಾಗಿದರೆ ಕಲ್ಲೇ ಕರಗುತ್ತದೆ. ನಿಂಬೆ, ಹುಣಸೆ, ವಿನೆಗರ್ ಯಾವುದೂ ಅದಕ್ಕೆ ಆಗದು. ಕಾಚಂಪುಳಿಯಂತೂ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಹುಳಿ. ಅಂಗಡಿಯಲ್ಲಿ "ಸೀಲರ್ ಹಾಕಿಸಿ, ಏನೂ ಆಗಲ್ಲ" ಅಂದಿದ್ದರು, ಹಾಕಿಸಿದ್ದೆವು ಕೂಡ. ಎಣ್ಣೆ, ಕಾಫಿ ಬೇಗ ಒಳಗಿಳಿಯದಂತೆ ಸೀಲರ್ ತಡೆಯುತ್ತದೆ. ಹುಳಿ ಮೇಲ್ಮೈ ತಿನ್ನುವುದನ್ನು ತಡೆಯುವುದಿಲ್ಲ. ಮಾರುವವರು ಈ ಒಂದು ಮಾತು ಹೇಳಬಾರದೇ?

ನಮ್ಮ ಹಿತ್ತಲಲ್ಲಿ ಅತ್ತೆಯ ಅತ್ತೆ ಕಾಲದ ಅರೆಯುವ ಕಲ್ಲಿದೆ. ಗ್ರಾನೈಟ್ ಅಂದರೆ ಆ ಜಾತಿಯೇ. ಅದರ ಮೇಲೆ ಎಷ್ಟು ಹುಣಸೆ ಅರೆದಿದ್ದಾರೋ, ಮಳೆಯಲ್ಲಿ ಎಷ್ಟು ನೆನೆದಿದೆಯೋ, ಕಲ್ಲು ಹಾಗೇ ಇದೆ. ಇಂಜಿನಿಯರಿಂಗ್ ಓದುವ ಮಗ ಮೋಸ್ ಅಳತೆ ಎಂದು ಏನೋ ಲೆಕ್ಕ ಹೇಳಿದ. ಗಡಸುತನದಲ್ಲಿ ಮಾರ್ಬಲ್ ಸುಮಾರು 3, ಗ್ರಾನೈಟ್ 6ರಿಂದ 7 ಅಂತೆ. ಅತ್ತೆ ಲೆಕ್ಕ ಇಲ್ಲದೆಯೇ ಬೇಡ ಅಂದಿದ್ದರು!

ಹಾಗಂತ ಗ್ರಾನೈಟ್ ಎಲ್ಲ ಕಡೆ ಸರಿ ಅಂತಲ್ಲ. ನಮ್ಮ ಯಜಮಾನರು ಮುಂಬಾಗಿಲ ಮೆಟ್ಟಿಲಿಗೆ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಹಾಕಿಸಿದರು. ಜುಲೈ ಮಳೆಯಲ್ಲಿ ಮೊದಲು ಜಾರಿದವರೂ ಅವರೇ. ಹೊರಗಿನ ಮೆಟ್ಟಿಲಿಗೆ ಬೆಂಕಿ ಹಾಯಿಸಿ ಒರಟು ಮಾಡಿದ, ಫ್ಲೇಮ್ಡ್ ಅನ್ನುವ ಕಲ್ಲೇ ಬೇಕು. ಇನ್ನು, ಕೆಲವರು ಬಣ್ಣ ಹಾಕಿ ಕಪ್ಪು ಮಾಡಿದ ಕಲ್ಲನ್ನೂ ಮಾರುತ್ತಾರೆ. ಉಗುರು ಬಣ್ಣ ತೆಗೆಯುವ ಅಸಿಟೋನ್ ಬಿಳಿ ಬಟ್ಟೆಗೆ ಹಾಕಿ ಕಲ್ಲಿನ ಮೇಲೆ ಉಜ್ಜಿ. ಬಟ್ಟೆ ಕಪ್ಪಾದರೆ ಬಿಟ್ಟು ಬನ್ನಿ.

ಮನೆ ಕಟ್ಟುವವರು ಅಂಗಡಿಯಿಂದ ಅಂಗೈಯಗಲದ ಒಂದು ತುಂಡು ಕೇಳಿ ತನ್ನಿ. ನಾಲ್ಕು ಹನಿ ಕಾಚಂಪುಳಿ ಹಾಕಿ ರಾತ್ರಿಯಿಡೀ ಬಿಡಿ. ತುಂಡು ಕೊಡಲ್ಲ ಅನ್ನುವ ಅಂಗಡಿಗೆ ನಾನಂತೂ ಇನ್ನು ಹೋಗುವುದಿಲ್ಲ.

ಒಲೆಯ ಪಕ್ಕಕ್ಕೆ ಈಗ ಚಾಮರಾಜನಗರದ ಕಪ್ಪು ಗ್ರಾನೈಟ್ ಹಾಕಿಸಿದ್ದೇವೆ. ಕಿತ್ತ ಮಾರ್ಬಲ್‌ನಲ್ಲಿ ಒಂದು ತುಂಡು ಇಟ್ಟುಕೊಂಡು ಅದರ ಮೇಲೆ ಚಪಾತಿ ಲಟ್ಟಿಸುತ್ತೇನೆ. ತಣ್ಣಗಿರುತ್ತದೆ, ಆ ಕೆಲಸಕ್ಕೆ ಬಹಳ ಚೆನ್ನ. ಹಿಟ್ಟು ಉದುರಿಸಿದರೆ ಚಮಚದ ಗುರುತು ಕಾಣುವುದೂ ಇಲ್ಲ.

ಇಂತಿ,
ನಿಮ್ಮ ಓದುಗಳು, ನಾಪೋಕ್ಲು