ಗುಡ್ಡ ಬೋಳು, ಹಳ್ಳಕ್ಕೆ ಸಿಮೆಂಟು

ಮಾನ್ಯರೇ,

ಜಲಾನಯನ ಇಲಾಖೆಯವರು ನಮ್ಮ ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್ ಡ್ಯಾಂ ತುಂಬಿ ರೈತರು ಹರ್ಷಗೊಂಡಿದ್ದಾರೆಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಸುದ್ದಿ ಬಂದಿತ್ತು. ಪತ್ರಿಕೆ ಕೈಗೆ ಸಿಗುವಷ್ಟರಲ್ಲಿ ಅದೇ ಚೆಕ್ ಡ್ಯಾಂನ ಪಕ್ಕದ ದಂಡೆ ಕೊರೆದುಕೊಂಡು ಹಳ್ಳ ನನ್ನ ಹೊಲಕ್ಕೆ ನುಗ್ಗಿಯಾಗಿತ್ತು. ಹರ್ಷಗೊಂಡ ರೈತರು ಯಾರೆಂದು ವರದಿಗಾರರು ದಯವಿಟ್ಟು ತಿಳಿಸಬೇಕು. ಉದ್ಘಾಟನೆಗೆ ಕಟ್ಟಿದ್ದ ಟೇಪು ನನ್ನ ಬದುವಿನ ಜಾಲಿಗೆ ಸಿಕ್ಕಿಕೊಂಡಿದೆ. ಬೇಕಾದವರು ಬಂದು ಒಯ್ಯಲಿ, ಮುಂದಿನದಕ್ಕೆ ಆದೀತು.

ತೊಗರಿ ಬಿತ್ತಿ 18 ದಿನವಾಗಿತ್ತು. ಸಾಲಿನ ಮೇಲೆ ಈಗ ಮೊಣಕಾಲುದ್ದ ಮರಳು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಅದರಡಿ. ಗಾಡಿದಾರಿಯೂ ಕೊಚ್ಚಿಹೋಗಿ ಎತ್ತು ಹೊಡೆದುಕೊಂಡು ಊರು ಸುತ್ತಿ ಹೋಗಬೇಕು. ಎಂಜಿನಿಯರರಿಗೆ ಫೋನ್ ಮಾಡಿದರೆ ಮಳೆ ಜಾಸ್ತಿಯಾಯಿತು ಎಂದರು. ಬರ ಬಿದ್ದ ವರ್ಷ ಮಳೆ ಕಡಿಮೆಯಾಯಿತು ಎಂದವರೂ ಇವರೇ.

ಒಂದು ಎಕರೆಗೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಮೇಲಿನ ಬೋಳುಗುಡ್ಡ ಎಷ್ಟು ಎಕರೆಯೆಂದು ಅವರ ನಕ್ಷೆಯಲ್ಲೇ ಇದೆ, ಗುಣಿಸಿ ನೋಡಿಕೊಳ್ಳಲಿ. ಅಲ್ಲಿ ಒಂದು ಕಂದಕ ತೋಡಿಲ್ಲ, ಒಂದು ಗಿಡ ನೆಟ್ಟಿಲ್ಲ. ಓಡುವ ನೀರನ್ನು ನಡೆಸಿ, ನಡೆಯುವುದನ್ನು ನಿಲ್ಲಿಸಿ, ನಿಂತದ್ದನ್ನು ಇಂಗಿಸಿ ಎಂದು ತರಬೇತಿಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಇದೇ ಇಲಾಖೆ. ಕೆಲಸ ದಿಣ್ಣೆಯಿಂದ ಕೆಳಕ್ಕೆ ಬರಬೇಕು ಎಂದವರೇ ಹಳ್ಳದ ತಳದಲ್ಲಿ ಸಿಮೆಂಟು ಸುರಿದು ಕೈತೊಳೆದುಕೊಂಡರು. ಕಂದಕದ ಮುಂದೆ ನಿಂತರೆ ಫೋಟೊ ಚೆನ್ನಾಗಿ ಬರುವುದಿಲ್ಲವೇನೋ.

ಹೊಸದೇನಲ್ಲ ಬಿಡಿ. ಹಿಂದೆ ಮಸಾರಿಯ ಕೆಂಪು ಮಣ್ಣು, ಎರೆಯ ಕಪ್ಪು ಮಣ್ಣು ಎಂದು ನೋಡದೆ ಎಲ್ಲರ ಹೊಲಕ್ಕೂ ಒಂದೇ ನಮೂನೆಯ ಬದು ಹಾಕಿದರು. ಆಳದ ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ, ಬದುವಿಗೆ ತುಸು ಇಳಿಜಾರು ಕೊಟ್ಟು ಕೋಡಿ ಬಿಡಬೇಕು ಎಂದು ನಮ್ಮಪ್ಪ ಹೇಳಿದ್ದಕ್ಕೆ ನಕ್ಕರು. ಬೆಳೆ ಕೊಳೆಯತೊಡಗಿದಾಗ ನಾವೇ ಬದು ಒಡೆದೆವು. ಸರ್ಕಾರಿ ಕಾಮಗಾರಿ ಹಾಳು ಮಾಡಿದಿರಿ ಎಂದು ನಮಗೇ ನೋಟಿಸು! ಆಮೇಲೆ ನಿರ್ವಹಣೆಗೆಂದು ವಂತಿಗೆ ಕಟ್ಟಿಸಿಕೊಂಡರು. ಆ ನಿಧಿ ಎಲ್ಲಿ ಇಂಗಿತೋ, ಅದರ ಅಂತರ್ಜಲ ಮಟ್ಟ ಮಾತ್ರ ಇಂದಿಗೂ ತಿಳಿದಿಲ್ಲ. ಗ್ರಾಮಸಭೆಯಲ್ಲಿ ಕೇಳಿದರೆ ಮುಂದಿನ ಸಭೆ ಎನ್ನುತ್ತಾರೆ.

ಕಟ್ಟಿದವರ ಮೇಲೆ ಕ್ರಮ ಆಗಬೇಕು. ಅದಾಗದಿದ್ದರೆ ನನ್ನ ಹೊಲದ ಮರಳನ್ನಾದರೂ ತೆಗೆಸಿಕೊಡಲಿ. ಗುಡ್ಡದ ಕೆಲಸ ಮೊದಲು ಮಾಡಲಿ, ಇಲ್ಲವೇ ನಮ್ಮ ಕಡೆಗೆ ಇನ್ನೊಂದು ಯೋಜನೆ ಹೊತ್ತುಕೊಂಡು ಬರುವುದನ್ನಾದರೂ ಬಿಡಲಿ. ನಾಚಿಕೆಯಾದರೂ ಬೇಡವೇ ಇವರಿಗೆ?

— ಹಳ್ಳದ ಕೆಳಗಿನ ಹೊಲದವನು